ಅವನು ‘ಅವನಿಗೆ’ ಆದ ಕಥೆ

ಪಟ್ಟಂ ಜಂಕ್ಷನ್ನಿನಿಂದ ಸ್ವಲ್ಪ ಒಳಗೆ, ನಾನು ಬಾಡಿಗೆಗಿರುವ ಮನೆಯ ಕೆಳಮಹಡಿಯಲ್ಲಿ ಒಬ್ಬ ನಿವೃತ್ತ ಮಲಯಾಳಂ ಮೇಷ್ಟ್ರಿದ್ದಾರೆ. ನಾನೂ ಉಳಿದೆಲ್ಲರಂತೆ ಅವರನ್ನು ‘ಸಾರ್’ ಅನ್ನುತ್ತೇನೆ. ತಿರುವನಂತಪುರದಲ್ಲಿ ಪಾಠ ಹೇಳುವ ಹೆಂಗಸರೂ ‘ಸಾರ್’ ಆಗುವುದುಂಟು. ಕಾಸರಗೋಡಿನ ಕನ್ನಡ ಶಾಲೆಯಲ್ಲಿ ‘ಟೀಚರ್’ ಎಂದು ಕರೆದು ಬೆಳೆದ ನನಗೆ ಇದು ಒಗ್ಗಲು ಒಂದು ವರ್ಷ ಹಿಡಿಯಿತು. 2021ರ ಮಳೆಗಾಲದ ಒಂದು ಬೆಳಿಗ್ಗೆ ಸಾರ್ ಕೆಳಗಿನಿಂದ ಕೂಗಿ ಕರೆದರು. ಅವರ ಹಳೆಯ ಕಂಪ್ಯೂಟರಿನಲ್ಲಿ ಬಿಲ್ ಕಟ್ಟುವ ಪುಟ ತೆರೆಯುತ್ತಿರಲಿಲ್ಲ, ಬ್ಯಾಂಕಿನ ಪುಟ ತೆರೆಯದೆ ಆಗಲೇ ಎಷ್ಟೋ ಕಾಲವಾಗಿತ್ತು. ಮೊಮ್ಮಗ ಹೊಸ ಲ್ಯಾಪ್‌ಟಾಪ್ ತಂದಿಟ್ಟು ಹೋಗಿದ್ದ. ಅದು ಪೆಟ್ಟಿಗೆಯೊಳಗೇ ಇತ್ತು.

“ಮೋಳೇ, ಅಪ್‌ಡೇಟ್ ಚೆಯ್ಯಟ್ಟೇ?” ಎಂದು ಕೇಳಿದರು. ಮಾಡಲೇ, ಬೇಡವೇ?

ಹತ್ತು ಸೆಕೆಂಡಿನಲ್ಲಿ ‘ಮಾಡಿ ಸಾರ್’ ಎಂದು ಹೇಳಿ ಬರಬಹುದಾದ ಪ್ರಶ್ನೆ ಇದು. ನಾನು ಹೇಳಲಿಲ್ಲ. ಆ ಯಂತ್ರದಲ್ಲಿ ಫೈರ್‌ಫಾಕ್ಸ್ 3.6 ಇತ್ತು. 2010ರ ಜನವರಿಯಲ್ಲಿ ಬಿಡುಗಡೆಯಾಗಿ 2012ರ ಏಪ್ರಿಲ್‌ನಲ್ಲಿ ಬೆಂಬಲ ಕಳೆದುಕೊಂಡ ಆವೃತ್ತಿ ಅದು. ಅದರೊಳಗೆ, ಮಗ ಎಂದೋ ಮಾಡಿಕೊಟ್ಟ ಒಂದು ಸರಳ ವೆಬ್ ಪುಟದ ರೂಪದಲ್ಲಿ, ಸಾರ್ 2007ರಿಂದ ಕೂಡಿಸಿದ ತಿರುವನಂತಪುರದ ಆಡುಮಾತಿನ ಪದಪಟ್ಟಿ ಇತ್ತು. ಅದಕ್ಕೆ ಕನ್ನಡ ಟಿಪ್ಪಣಿ ಬರೆಯುವುದಾಗಿ ನಾನೇ ಮಾತು ಕೊಟ್ಟಿದ್ದೆ. ಪಟ್ಟಿಯ ಮೊದಲ ಪುಟದಲ್ಲೇ ಈ ಊರಿನ ಗುರುತಿನ ಪದವಿದೆ: ‘ಎಂತರ್’, ಅಂದರೆ ‘ಏನು’. ನಮ್ಮ ಕರಾವಳಿಯ ‘ಎಂತ’ದ ನೆಂಟನಂತೆ ಕೇಳುತ್ತದೆ. ಆ ಪದದ ಕೊನೆಯ ‘ರ್’ ಹೊಸ ಬ್ರೌಸರಿನಲ್ಲಿ ಏನಾಗುತ್ತದೆ ಎಂಬುದು ನನಗೆ ಖಾತ್ರಿ ಇರಲಿಲ್ಲ. ಸಾರ್ ಅವರಿಗೂ ಇರಲಿಲ್ಲ. ಅವರ ಭಯಕ್ಕೆ ಒಂದು ಇತಿಹಾಸವಿತ್ತು, ನನ್ನದಕ್ಕೂ ಅದೇ.

ಕನ್ನಡದ ಓದುಗರಿಗೆ ಮಲಯಾಳದ ಚಿಲ್ಲಕ್ಷರಗಳನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. ನಾವು ‘ಅವನು’ ಅನ್ನುವುದನ್ನು ಮಲಯಾಳಂ ‘ಅವನ್’ ಎಂದು ವ್ಯಂಜನದಲ್ಲೇ ನಿಲ್ಲಿಸುತ್ತದೆ. ಹಾಗೆ ನಿಂತ ಣ್, ನ್, ರ್, ಲ್, ಳ್ ಧ್ವನಿಗಳಿಗೆ ಆ ಲಿಪಿಯಲ್ಲಿ ಬೇರೆಯೇ ಆಕಾರಗಳಿವೆ, ಬಾಲವನ್ನು ಮೇಲಕ್ಕೆ ಎಳೆದ ಅಕ್ಷರಗಳು. ಇವೇ ಚಿಲ್ಲುಗಳು. ಬಳಕೆಯಲ್ಲಿ ತೀರ ಅಪರೂಪವಾದ ‘ಕ್’ ಸೇರಿದರೆ ಆರು. ಇನ್ನೊಂದು ಗುರುತೂ ಇದೆ, ಚಂದ್ರಕ್ಕಲ. ಅಕ್ಷರದ ತಲೆಯ ಮೇಲೆ ಕೂರುವ ಪುಟ್ಟ ಚಂದ್ರ. ಪದದ ಕೊನೆಯಲ್ಲಿ ಅದು ಬಂದರೆ ಅರೆ ಉಕಾರವನ್ನು ಉಚ್ಚರಿಸಬೇಕು. ತುಳು ಬಲ್ಲವರಿಗೆ ವಿವರಣೆ ಬೇಡ: ‘ಇಲ್ಲ್’, ‘ಕಲ್ಲ್’ ಎನ್ನುವಾಗ ತುಟಿ ದುಂಡಾಗದೆ ಹೊರಡುವ ಆ ಕೊನೆಯ ಸ್ವರವೇ ಅದು.

ಈಗ ತೊಡಕು. ‘ಅವನ್’ ಎಂಬುದನ್ನು ಚಿಲ್ಲು ನಕಾರದಲ್ಲಿ ಬರೆದರೆ ‘ಅವನು’ ಎಂದರ್ಥ. ಅದನ್ನೇ ನಕಾರಕ್ಕೆ ಚಂದ್ರಕ್ಕಲ ಹಾಕಿ ಬರೆದರೆ ‘ಅವನಿಗೆ’. ಕರ್ತೃ ಹೋಗಿ ಸಂಪ್ರದಾನವಾಯಿತು. ಕೊಟ್ಟವನು ಪಡೆದವನಾದ. ಕಾಗದದ ಮೇಲೆ ಇದೊಂದು ಸಮಸ್ಯೆಯೇ ಅಲ್ಲ, ಎರಡಕ್ಕೂ ಎರಡು ಆಕಾರಗಳಿವೆ. ಕಂಪ್ಯೂಟರಿನೊಳಗೆ ಬೇರೆ ಏರ್ಪಾಟಾಗಿತ್ತು. ಯೂನಿಕೋಡ್ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುತ್ತದೆ. ಆದರೆ ಮೊದಮೊದಲ ಆವೃತ್ತಿಗಳಲ್ಲಿ ಚಿಲ್ಲುಗಳಿಗೆ ಸ್ವಂತ ಸಂಖ್ಯೆ ಇರಲಿಲ್ಲ. ನಕಾರ, ಅದಕ್ಕೊಂದು ಚಂದ್ರಕ್ಕಲ, ಅದರ ಹಿಂದೆ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಜೋಡಕ ಚಿಹ್ನೆ: ಈ ಮೂರು ಸೇರಿದರೆ ಪರದೆಯ ಮೇಲೆ ಚಿಲ್ಲು ಮೂಡಬೇಕು. ಅಂದರೆ ‘ಅವನು’ ಮತ್ತು ‘ಅವನಿಗೆ’ ನಡುವೆ ಇದ್ದದ್ದು ಒಂದು ಅದೃಶ್ಯ ಚಿಹ್ನೆ ಮಾತ್ರ. ಇಂಥ ಚಿಹ್ನೆಗಳನ್ನು ತಂತ್ರಾಂಶಗಳು ಅಗತ್ಯ ಬಿದ್ದರೆ ಕಡೆಗಣಿಸಬಹುದು ಎಂದು ಅದೇ ಯೂನಿಕೋಡ್ ಹೇಳುತ್ತಿತ್ತು.

ನಮಗೂ ಈ ಕಾಣದ ಚಿಹ್ನೆಗಳ ಪರಿಚಯವಿದೆ. ‘ಸೂರ್ಯ’ದಲ್ಲಿ ಅರ್ಕಾವೊತ್ತು, ‘ರ‍್ಯಾಂಕ್’‌ನಲ್ಲಿ ರಕಾರಕ್ಕೆ ಯ ಒತ್ತು. ಎರಡಕ್ಕೂ ಅದೇ ರ, ಅದೇ ವಿರಾಮ, ಅದೇ ಯ. ನಡುವೆ ಒಂದು ಜೋಡಕ ಇದ್ದರೆ ಒಂದು ರೂಪ, ಇಲ್ಲದಿದ್ದರೆ ಇನ್ನೊಂದು. ಅದು ಬಿದ್ದುಹೋದರೆ ನಮ್ಮ ರ‍್ಯಾಂಕ್ ಸ್ವಲ್ಪ ವಿಕಾರವಾಗಿ ಕಾಣುತ್ತದೆ, ಅರ್ಥವೇನೂ ಕೆಡುವುದಿಲ್ಲ. ಮಲಯಾಳದಲ್ಲಿ ವ್ಯಾಕರಣವೇ ಕೆಡುತ್ತಿತ್ತು.

ಬ್ರೌಸರ್ ಈ ಕಥೆಯೊಳಗೆ ಬರುವುದು ಇಲ್ಲಿ. ಇಂಗ್ಲಿಷಿನಲ್ಲಿ ಓದುವವರಿಗೆ ಹೊಸ ಆವೃತ್ತಿ ಎಂದರೆ ವೇಗ, ಹೊಸ ಗುಂಡಿಗಳು, ಭದ್ರತೆ. ನಮ್ಮ ಭಾಷೆಗಳವರು ಬಹುಕಾಲ ಕೇಳಿದ ಪ್ರಶ್ನೆ ಬೇರೆ: ಅಕ್ಷರ ಕಾಣುತ್ತದೆಯೇ? ತೊಂಬತ್ತರ ದಶಕದ ಕೊನೆಗೆ ಪತ್ರಿಕೆಗಳು ಅಂತರಜಾಲಕ್ಕೆ ಬಂದಾಗ ಪ್ರತಿ ಪತ್ರಿಕೆಗೂ ತನ್ನದೇ ಫಾಂಟ್ ಇತ್ತು, ಆ ಫಾಂಟಿಗೆ ತನ್ನದೇ ಗುಟ್ಟಿನ ಅಕ್ಷರಮಾಲೆ. ಇಂಟರ್‌ನೆಟ್ ಎಕ್ಸ್‌ಪ್ಲೋರರ್ 4 ಪುಟದ ಜೊತೆಗೇ ಫಾಂಟನ್ನೂ ಇಳಿಸಿಕೊಳ್ಳುವ ಒಂದು ದಾರಿ ತಂದಿತು, ನೆಟ್‌ಸ್ಕೇಪ್ 4 ಇನ್ನೊಂದು ದಾರಿ. ಒಂದರ ದಾರಿ ಇನ್ನೊಂದಕ್ಕೆ ಆಗದು. ನೆಟ್‌ಸ್ಕೇಪ್‌ನ ಮುಂದಿನ ಪೀಳಿಗೆ ತನ್ನ ಹಳೆಯ ದಾರಿಯನ್ನೇ ಕೈಬಿಟ್ಟಿತು. ಊರಿನ ಸುದ್ದಿ ಓದುತ್ತಿದ್ದ ಗಲ್ಫ್‌ನ ಮಲಯಾಳಿ ಬ್ರೌಸರ್ ಏರಿಸಿದ ದಿನ ಅವನ ಪತ್ರಿಕೆ ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರವಾಯಿತು. ಅಂಥವನು ಹಳೆಯದಕ್ಕೆ ಅಂಟಿಕೊಂಡರೆ ಅದನ್ನು ಸೋಮಾರಿತನ ಎನ್ನಲು ನನಗೆ ಮನಸ್ಸು ಬಾರದು.

ಯೂನಿಕೋಡ್ ಈ ಗುಟ್ಟಿನ ಲಿಪಿಗಳನ್ನೆಲ್ಲ ಮುಗಿಸಬೇಕಿತ್ತು. ಮುಗಿಸಿತು ಕೂಡ, ಆದರೆ ನಿಧಾನವಾಗಿ, ಎಲ್ಲರಿಗೂ ಒಂದೇ ಸಲವಲ್ಲ. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಬಂದಾಗ ಕನ್ನಡಕ್ಕೆ ತುಂಗಾ ಫಾಂಟ್ ಅದರ ಜೊತೆಗೇ ಬಂತು. ಮಲಯಾಳದ ಕಾರ್ತಿಕ 2004ರ ಸರ್ವಿಸ್ ಪ್ಯಾಕ್ 2ರವರೆಗೆ ಕಾಯಬೇಕಾಯಿತು. ಬ್ರೌಸರ್ ತಾನಾಗಿ ಅಕ್ಷರ ಕೂಡಿಸುವುದಿಲ್ಲ. ವಿಂಡೋಸ್‌ನಲ್ಲಿ ಆ ಕೆಲಸ ಯೂನಿಸ್ಕ್ರೈಬ್ ಎಂಬ ಭಾಗದ್ದು. ಲಿನಕ್ಸ್‌ನಲ್ಲಿ ಪಾಂಗೋ ಎಂಬುದಿತ್ತು, ಆದರೆ ಫೈರ್‌ಫಾಕ್ಸಿನ ಹಳೆಯ ಆವೃತ್ತಿಗಳು ಅದನ್ನು ತಾವಾಗಿಯೇ ಬಳಸುತ್ತಿರಲಿಲ್ಲ. ಒತ್ತಕ್ಷರಗಳು ಬಿಡಿಬಿಡಿಯಾಗಿ, ಸ್ವರಚಿಹ್ನೆಗಳು ತಪ್ಪು ಜಾಗದಲ್ಲಿ ನಿಲ್ಲುತ್ತಿದ್ದವು. 2008ರಲ್ಲಿ ಬಂದ ಫೈರ್‌ಫಾಕ್ಸ್ 3 ಇದನ್ನು ಸರಿಪಡಿಸಿತು.

ಇದು ತಿರುವನಂತಪುರದಲ್ಲಿ ಸಣ್ಣ ಸುದ್ದಿಯಾಗಿರಲಿಲ್ಲ. ಮುಕ್ತ ತಂತ್ರಾಂಶದ ಭಾರತದ ಸಂಸ್ಥೆ, ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಆಫ್ ಇಂಡಿಯಾ, 2001ರ ಜುಲೈಯಲ್ಲಿ ಉದ್ಘಾಟನೆಯಾದದ್ದು ಇದೇ ಊರಿನಲ್ಲಿ. ಸರಕಾರಿ ಶಾಲೆಗಳ ಕಂಪ್ಯೂಟರ್ ಪಾಠ ‘ಐಟಿ@ಸ್ಕೂಲ್’ ಯೋಜನೆಯಲ್ಲಿ ಲಿನಕ್ಸ್‌ಗೆ ಹೊರಳಿತು. ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಎಂಬ ಸ್ವಯಂಸೇವಕರ ಬಳಗ ಫಾಂಟು, ಕೀಲಿಮಣೆ, ಕಾಗುಣಿತ ಪರೀಕ್ಷಕ ಎಲ್ಲವನ್ನೂ ಕೈಯಾರೆ ಮಾಡುತ್ತಿತ್ತು. ಶಾಲೆಯ ಲ್ಯಾಬಿನಲ್ಲಿ ಯಾವ ಬ್ರೌಸರ್ ಇದೆ ಎಂಬುದರ ಮೇಲೆ ಮಗು ತನ್ನ ಭಾಷೆಯನ್ನು ನೆಟ್ಟಗೆ ಓದೀತೋ ಇಲ್ಲವೋ ಎಂಬುದು ನಿಂತಿತ್ತು.

2008ರಲ್ಲಿ ಎರಡು ಘಟನೆಗಳು ಎರಡೂವರೆ ತಿಂಗಳ ಅಂತರದಲ್ಲಿ ನಡೆದವು. ಏಪ್ರಿಲ್ 4ರಂದು ಯೂನಿಕೋಡ್ 5.1 ಪ್ರಕಟವಾಯಿತು. ಅದರಲ್ಲಿ ಆರೂ ಚಿಲ್ಲುಗಳಿಗೆ ಸ್ವಂತ ಸಂಖ್ಯೆ ಸಿಕ್ಕಿತು. ಜೂನ್ 17ರಂದು ಫೈರ್‌ಫಾಕ್ಸ್ 3 ಬಂತು. ಇಪ್ಪತ್ತನಾಲ್ಕು ಗಂಟೆಗಳಲ್ಲಿ 80,02,530 ಸಲ ಇಳಿಸಿಕೊಳ್ಳಲ್ಪಟ್ಟು ಅದು ಗಿನ್ನೆಸ್ ದಾಖಲೆ ಸೇರಿತು. ಆ ದಿನ ಇಳಿಸಿಕೊಂಡವರಲ್ಲಿ ಸಾರ್ ಅವರ ಮಗನೂ ಒಬ್ಬ. ದುಬೈಯಿಂದ ರಜೆಗೆ ಬಂದಿದ್ದವನು ಅಪ್ಪನ ಕಂಪ್ಯೂಟರಿಗೆ ಹಾಕಿದ. ಮರುದಿನ ಸಾರ್ ಪತ್ರಿಕೆ ತೆರೆದರೆ ಅಕ್ಷರವಿಲ್ಲ.

ಕಾರಣ ಚಿಲ್ಲು ಆಗಿರಲಿಲ್ಲ. ಗುಟ್ಟಿನ ಫಾಂಟಿನ ಪುಟಗಳನ್ನು ಓದುವಾಗಲೇ ಯೂನಿಕೋಡ್‌ಗೆ ಬದಲಿಸಿ ತೋರಿಸುವ ‘ಪದ್ಮಾ’ದಂಥ ವಿಸ್ತರಣೆಗಳು ಆಗ ಫೈರ್‌ಫಾಕ್ಸಿಗಿದ್ದವು. ತೆಲುಗು, ಮಲಯಾಳಂ ಪತ್ರಿಕೆಗಳ ಓದುಗರಿಗೆ ಅವು ಕನ್ನಡಕವಿದ್ದಂತೆ. ಪ್ರತಿ ವಿಸ್ತರಣೆಯೂ ತಾನು ಯಾವ ಆವೃತ್ತಿಯವರೆಗೆ ನಡೆಯುತ್ತೇನೆ ಎಂದು ಬರೆದುಕೊಂಡಿರುತ್ತಿತ್ತು. ಬ್ರೌಸರ್ ಆ ಗೆರೆ ದಾಟಿದರೆ ವಿಸ್ತರಣೆ ತಾನಾಗಿ ನಿಲ್ಲುತ್ತಿತ್ತು, ಅದರ ಕರ್ತೃ ಬಿಡುವು ಮಾಡಿಕೊಂಡು ಹೊಸದು ಬಿಡುವವರೆಗೆ. ಅಂಥ ಕರ್ತೃಗಳು ಹೆಚ್ಚಿನವರು ಹಗಲು ಬೇರೆ ಕೆಲಸ ಮಾಡಿ ರಾತ್ರಿ ಇದನ್ನು ಮಾಡುವವರು. ಸಾರ್ ಕೆಲವು ವಾರ ಪತ್ರಿಕೆಯನ್ನು ಕಾಗದದ ಮೇಲೆ ಮಾತ್ರ ಓದಿದರು. ಆಮೇಲೆ ಎಲ್ಲ ಸರಿಹೋಯಿತು. 3.6ರವರೆಗೆ ಧೈರ್ಯ ಮಾಡಿ ಬಂದರು, ಅಲ್ಲಿಗೆ ನಿಲ್ಲಿಸಿದರು. “ಕಾಣುವಾಗ ಏಕೆ ಕದಲಿಸಬೇಕು?” ಎಂಬುದು ಅವರ ವಾದ. ಹಿಂದಿನ ಅನುಭವವೇ ಅವರಿಂದ ಹಾಗೆ ಹೇಳಿಸುತ್ತಿತ್ತು.

ಚಿಲ್ಲಿನ ಜಗಳ ಮಾತ್ರ ಅಷ್ಟರಲ್ಲಿ ದೊಡ್ಡದಾಗಿತ್ತು. ಸ್ವಂತ ಸಂಖ್ಯೆ ಬೇಕೆಂದವರು ಕೊಟ್ಟ ಉದಾಹರಣೆಗಳಲ್ಲಿ ಒಂದು ನನಗೆ ಇಂದಿಗೂ ಇಷ್ಟ. ‘ವನ್’ ಎಂದರೆ ದೊಡ್ಡ, ‘ಯವನಿಕ’ ಎಂದರೆ ಪರದೆ. ಎರಡನ್ನೂ ಸೇರಿಸಿ ಚಿಲ್ಲಿನಲ್ಲಿ ಬರೆದರೆ ದೊಡ್ಡ ಪರದೆ. ಕಾಣದ ಜೋಡಕ ಬಿದ್ದುಹೋದರೆ ಅದು ‘ವನ್ಯವನಿಕ’, ಕಾಡು ತೋಪು. ಜಾಲತಾಣಗಳ ಹೆಸರಿನ ಅಂದಿನ ನಿಯಮಗಳು ಈ ಜೋಡಕವನ್ನು ತೆಗೆದೇ ಹಾಕುತ್ತಿದ್ದವು, ಹಾಗಾಗಿ ಭಯ ಕಲ್ಪಿತವಾಗಿರಲಿಲ್ಲ. ಬೇಡವೆಂದವರ ವಾದವೂ ಹಗುರವಾದದ್ದಲ್ಲ. ಚಿಲ್ಲು ಎಂಬುದು ನಕಾರದ್ದೇ ಇನ್ನೊಂದು ರೂಪ, ಬೇರೆ ಅಕ್ಷರವಲ್ಲ. ಅದಕ್ಕಿಂತ ಮುಖ್ಯವಾಗಿ, ಅದುವರೆಗೆ ಬರೆದ ಮಲಯಾಳವೆಲ್ಲ ಹಳೆಯ ಕ್ರಮದಲ್ಲಿದೆ, ಇನ್ನು ಮುಂದೆ ಒಂದೇ ಪದಕ್ಕೆ ಎರಡು ಬರಹ. ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗ ಈ ಪಕ್ಷದಲ್ಲಿತ್ತು. ‘ರಚನ’ದವರೂ ಇತ್ತಲೇ ಇದ್ದರು.

ರಚನದ ಹೆಸರು ಬಂದಮೇಲೆ 1971ಕ್ಕೆ ಒಮ್ಮೆ ಹೋಗಿ ಬರಬೇಕು. ಆ ವರ್ಷದ ಏಪ್ರಿಲ್ 15ರಿಂದ ಕೇರಳ ಸರಕಾರದ ಲಿಪಿ ಸುಧಾರಣೆ ಜಾರಿಗೆ ಬಂತು. ಅಚ್ಚಿನ ಮೊಳೆಗೂ ಬೆರಳಚ್ಚು ಯಂತ್ರಕ್ಕೂ ಹೊಂದುವಂತೆ, ಒಂಬೈನೂರರಷ್ಟಿದ್ದ ಅಚ್ಚಿನ ರೂಪಗಳನ್ನು ತೊಂಬತ್ತರಷ್ಟಕ್ಕೆ ಇಳಿಸಿದರು. ಕೂಡಕ್ಷರಗಳು ಒಡೆದವು, ಉಕಾರದ ಕೊಂಬುಗಳು ಅಕ್ಷರದಿಂದ ಬೇರ್ಪಟ್ಟು ಪಕ್ಕಕ್ಕೆ ನಿಂತವು. ಯಂತ್ರಕ್ಕಾಗಿ ಮಾಡಿದ್ದು ಪಠ್ಯಪುಸ್ತಕಕ್ಕೂ ನುಗ್ಗಿತು. ಆದರೆ ಕೈಬರಹ ಸುಧಾರಣೆಯಾಗಲಿಲ್ಲ. ಜನ ಓದಿದ್ದು ಹೊಸ ಲಿಪಿ, ಬರೆದದ್ದು ಬಹುಪಾಲು ಹಳೆಯದು. 1999ರಲ್ಲಿ ರಚನ ಎಂಬ ಬಳಗ ಕಂಪ್ಯೂಟರಿಗೆ ಆ ಇಕ್ಕಟ್ಟಿಲ್ಲ ಎಂದು ಹೇಳಿ ಹಳೆಯ ಲಿಪಿಯನ್ನು ಇಡಿಯಾಗಿ ಮರಳಿ ತರಲು ಹೊರಟಿತು. ಸಾರ್ 1971ರಲ್ಲಿ ಶಾಲಾ ಹುಡುಗ. ಒಂದು ತರಗತಿಯಲ್ಲಿ ಕಲಿತ ಅಕ್ಷರವನ್ನು ಮುಂದಿನ ಪುಸ್ತಕದಲ್ಲಿ ಬೇರೆ ಆಕಾರದಲ್ಲಿ ಕಂಡವರು. ಅವರ ಆಯುಷ್ಯದಲ್ಲಿ ಚಿಲ್ಲಿನದು ಎರಡನೆಯ ಸುಧಾರಣೆ. ಈ ಸಲ ಆಕಾರ ಅದೇ, ಒಳಗಿನ ಸಂಖ್ಯೆ ಮಾತ್ರ ಬೇರೆ. ಆದ್ದರಿಂದ ಮೋಸ ಹೆಚ್ಚು.

ಹೇಗೆಂದರೆ, 2008ರ ನಂತರದ ಕೆಲವು ವರ್ಷ ಓದುಗರು ಎರಡು ಪಂಗಡವಾದರು. ಹೊಸ ಸಂಖ್ಯೆ ಬಲ್ಲ ಫಾಂಟ್ ಇದ್ದವರಿಗೆ ಹೊಸ ಬರಹ ಸರಿಯಾಗಿ ಕಾಣುತ್ತಿತ್ತು. ಸಾರ್ ಅವರಂತೆ ಎಕ್ಸ್‌ಪಿಯ ಹಳೆಯ ಕಾರ್ತಿಕದಲ್ಲಿ ಓದುವವರಿಗೆ ಚಿಲ್ಲು ಇರಬೇಕಾದಲ್ಲೆಲ್ಲ ಚೌಕಾಕಾರದ ಡಬ್ಬಿ. ಬ್ರೌಸರ್ ಏರಿಸಿದರೆ ಡಬ್ಬಿ ಹೋಗುತ್ತಿರಲಿಲ್ಲ, ಏಕೆಂದರೆ ಕೊರತೆ ಫಾಂಟಿನದು. ಆದರೆ ಜನಕ್ಕೆ ಹೊಳೆಯುವ ಮೊದಲ ಚಿಕಿತ್ಸೆ ಬ್ರೌಸರ್ ಏರಿಸುವುದೇ. ಏರಿಸಿ, ಡಬ್ಬಿ ಹಾಗೇ ಉಳಿದು, ಮೇಲಿನಿಂದ ಒಂದೆರಡು ವಿಸ್ತರಣೆ ಕಳೆದುಕೊಂಡು ಕೂತವರನ್ನು ನಾನು ಬಲ್ಲೆ. ಮಲಯಾಳಂ ವಿಕಿಪೀಡಿಯ ಹೊಸ ಚಿಲ್ಲಿಗೆ ಹೊರಳಿತು. ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ತಂತ್ರಾಂಶದೊಳಗೆ ಹಳೆಯ ಚಿಲ್ಲನ್ನು ಹೊಸದಕ್ಕೆ ಬದಲಿಸಲೆಂದೇ, ಮಲಯಾಳಂ ಯೂನಿಕೋಡ್ ಸರಿಪಡಿಸು ಎಂಬ ಅರ್ಥದ ಒಂದು ವಿಶೇಷ ಏರ್ಪಾಟು ಸೇರಿತು. ಜಗತ್ತಿನ ಎಷ್ಟೋ ಭಾಷೆಗಳು ಬಳಸುವ ತಂತ್ರಾಂಶದಲ್ಲಿ ಒಂದೇ ಭಾಷೆಯ ಹೆಸರಿನಲ್ಲಿ ಇಂಥದ್ದು ಕೂತಿರುವುದನ್ನು ನೋಡಿದಾಗ ನನಗೆ ಆ ಜಗಳದ ಗಾತ್ರ ತಿಳಿಯಿತು.

ಯೂನಿಕೋಡ್ ಎರಡೂ ಬರಹಗಳು ಸಮಾನ ಎಂದು ಘೋಷಿಸಲಿಲ್ಲ. ಅಂದರೆ ಅಕ್ಷರಕ್ಕೆ ಅಕ್ಷರ ಹೋಲಿಸುವ ಸರಳ ಹುಡುಕಾಟದ ಕಣ್ಣಿಗೆ ಅವು ಎರಡು ಬೇರೆ ಪದಗಳು. ಇನ್ನೊಂದು ತಮಾಷೆಯನ್ನೂ ಹೇಳಿಬಿಡುತ್ತೇನೆ. ‘ನನ್ನ’ ಎಂಬರ್ಥದ ‘ಎನ್ಟೆ’ಯಲ್ಲಿ ಬರುವ ಕೂಡಕ್ಷರಕ್ಕೂ 5.1 ಹೊಸ ಚಿಲ್ಲನ್ನು ಆಧರಿಸಿದ ಕ್ರಮವೊಂದನ್ನು ಹೇಳಿತು. ಅದನ್ನು ಹೆಚ್ಚಿನವರು ಕಿವಿಗೇ ಹಾಕಿಕೊಳ್ಳಲಿಲ್ಲ. ಹಳೆಯ ನಕಾರದಲ್ಲೇ ಟೈಪಿಸುತ್ತ ಮುಂದುವರಿದರು. ಮಲಯಾಳದಲ್ಲಿ ‘ನನ್ನ’, ‘ಅವನ’ ಎಂದು ಬರೆಯದೆ ಒಂದು ಪುಟ ಮುಗಿಯುವುದಿಲ್ಲ, ಅಷ್ಟು ಸಲ ಬರುವ ಅಕ್ಷರದಲ್ಲಿ ಪುಸ್ತಕದ ಕ್ರಮ ಸೋತು ರೂಢಿಯೇ ಗೆದ್ದಿತು.

ಮತ್ತೆ ಸಾರ್ ಅವರ ಕೋಣೆಗೆ. 3.6ನ್ನು ಕೊನೆಗೂ ಮಣಿಸಿದ್ದು ಅಕ್ಷರವಲ್ಲ, ಬೀಗ. ಸುರಕ್ಷಿತ ಸಂಪರ್ಕಕ್ಕೆ ಅದು ಬಲ್ಲದ್ದು ಟಿಎಲ್‌ಎಸ್ 1.0 ಮಾತ್ರ. ಕಾರ್ಡ್ ಪಾವತಿ ಉದ್ಯಮದ ಭದ್ರತಾ ನಿಯಮ ಅದನ್ನು ಕೈಬಿಡಲು 2018ರ ಜೂನ್ 30ರ ಗಡುವು ಕೊಟ್ಟಿತ್ತು. 2020ರಲ್ಲಿ ದೊಡ್ಡ ಬ್ರೌಸರುಗಳೂ ಕೈಬಿಟ್ಟವು. ಹಣ ಕಟ್ಟುವ ಪುಟಗಳು ಒಂದೊಂದಾಗಿ ಬಾಗಿಲು ಹಾಕಿದವು. ಎಕ್ಸ್‌ಪಿಯಲ್ಲಿ ಏರಲು ಇದ್ದ ಕೊನೆಯ ಮೆಟ್ಟಿಲು ಫೈರ್‌ಫಾಕ್ಸ್ 52, ಅದರ ಬೆಂಬಲವೂ 2018ಕ್ಕೆ ಮುಗಿದಿತ್ತು. ಕ್ರೋಮ್ ಇನ್ನೂ ಎರಡು ವರ್ಷ ಮೊದಲೇ ಎಕ್ಸ್‌ಪಿ ಬಿಟ್ಟಿತ್ತು. ಅತ್ತ ಹಳೆಯ ಬಗೆಯ ವಿಸ್ತರಣೆಗಳು 2017ರ ನವೆಂಬರ್‌ನ ಫೈರ್‌ಫಾಕ್ಸ್ 57ರಲ್ಲಿ ಒಟ್ಟಾಗಿ ಕೊನೆಗೊಂಡಿದ್ದವು. ಹಿಂದೆ ನಿಲ್ಲಲು ಸಾರ್ ಅವರಿಗಿದ್ದ ಕಾರಣ ಅಳಿದಿತ್ತು, ಮುಂದೆ ಹೋಗಲು ಆ ಯಂತ್ರದಲ್ಲಿ ದಾರಿಯೂ ಅಳಿದಿತ್ತು.

ಪೆಟ್ಟಿಗೆ ಬಿಚ್ಚಿದೆವು. ಪದಪಟ್ಟಿಯ ಕಡತವನ್ನು ಪೆನ್‌ಡ್ರೈವಿನಲ್ಲಿ ತಂದು ಹೊಸ ಬ್ರೌಸರಿನಲ್ಲಿ ತೆರೆದೆ. ಸಾರ್ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಒಂದೂ ಡಬ್ಬಿ ಇಲ್ಲ. 2007ರ ‘ಅವನ್’, 2012ರ ‘ಅವನ್’, ಎಲ್ಲವೂ ಅಚ್ಚುಕಟ್ಟಾಗಿ ಬಾಲ ಎತ್ತಿ ನಿಂತಿದ್ದವು. ಹೊಸ ಫಾಂಟುಗಳು ಎರಡು ಬಗೆಯ ಚಿಲ್ಲನ್ನೂ ಒಂದೇ ರೂಪದಲ್ಲಿ ತೋರಿಸುತ್ತವೆ. ಸಾರ್ ಖುಷಿಯಾದರು. ನನಗೆ ಕಳವಳ ಶುರುವಾದದ್ದು ಆಗಲೇ. ಹಳೆಯ ಯಂತ್ರದಲ್ಲಿ ಡಬ್ಬಿ ಕಂಡರೆ ಹೊಸ ಚಿಲ್ಲು, ಅಕ್ಷರ ಕಂಡರೆ ಹಳೆಯ ಚಿಲ್ಲು ಎಂದು ಕಣ್ಣಿಗೆ ಗೊತ್ತಾಗುತ್ತಿತ್ತು. ಹೊಸದರಲ್ಲಿ ಆ ಬಿರುಕು ಮುಚ್ಚಿಹೋಗಿದೆ, ಆದರೆ ಕೂಡಿಲ್ಲ. ನನ್ನ ಅನುವಾದದ ಪದಕೋಶ ತಂತ್ರಾಂಶಕ್ಕೆ ಪಟ್ಟಿಯನ್ನು ಹಾಕಿ, ಫೋನಿನ ಕೀಲಿಮಣೆಯಲ್ಲಿ ಟೈಪಿಸಿದ ‘ಅವನ್’ ಹುಡುಕಿದೆ. 2009ಕ್ಕಿಂತ ಮೊದಲಿನ ಒಂದು ನಮೂದೂ ಸಿಗಲಿಲ್ಲ.

ಹಳೆಯದನ್ನು ಹೊಸದಕ್ಕೆ ಬದಲಿಸುವ ನಾಲ್ಕು ಸಾಲಿನ ಸೂಚನೆ ಬರೆಯುವುದು ಕಷ್ಟವಲ್ಲ. ಬರೆದೆ, ಓಡಿಸಿದೆ. ಆಮೇಲೆ ಎರಡು ವಾರ ಸಂಜೆಗಳಲ್ಲಿ ಸಾರ್ ಜೊತೆ ಕೂತು ಪಟ್ಟಿಯನ್ನು ಸಾಲುಸಾಲಾಗಿ ಓದಿದೆವು. ‘ಎಂತರ್’ ನಮೂದಿನ ಮುಂದೆ ಅವರೇ ನಿಲ್ಲಿಸಿದರು. ಆ ಪದದ ಕೊನೆಗೆ ಚಿಲ್ಲು ಬರಬಾರದು, ಚಂದ್ರಕ್ಕಲ ಬೇಕು, ಅರೆ ಉಕಾರ ಕೇಳಿಸಿದರೆ ಮಾತ್ರ ಅದು ಈ ಊರಿನ ಮಾತು. ಅದು ಸರಿಯಾಗಿಯೇ ಉಳಿದಿತ್ತು, ಅಲ್ಲಿ ಜೋಡಕವಿರಲಿಲ್ಲವಾದ್ದರಿಂದ ನನ್ನ ಸೂಚನೆ ಮುಟ್ಟಿರಲಿಲ್ಲ. ಸಾರ್ ಅದನ್ನು ಎರಡು ಸಲ ಜೋರಾಗಿ ಓದಿ ಮುಂದೆ ಹೋದರು.

ಕೆಟ್ಟದ್ದು ಬೇರೆ ಒಂದು ಕಡೆ. 2009ರಲ್ಲಿ ಅವರು ಪಟ್ಟಿಯ ನಡುವೆ ತಮಗಾಗಿಯೇ ಒಂದು ಟಿಪ್ಪಣಿ ಬರೆದುಕೊಂಡಿದ್ದರು. ಹೊಸ ಟೈಪಿಂಗ್ ಉಪಕರಣದಲ್ಲಿ ‘ಅವನ್’ ಹೀಗೆ ಬರುತ್ತಿದೆ, ಮೊದಲು ಹೀಗೆ ಬರುತ್ತಿತ್ತು, ಇನ್ನು ಮುಂದೆ ಹಳೆಯದನ್ನೇ ಬಳಸುವುದು ಎಂದು, ಎರಡು ರೂಪಗಳನ್ನೂ ಪಕ್ಕಪಕ್ಕದಲ್ಲಿಟ್ಟು. ಅವರ ಅಂದಿನ ಪರದೆಯಲ್ಲಿ ಒಂದು ಡಬ್ಬಿ, ಒಂದು ಅಕ್ಷರ. ನನ್ನ ಸೂಚನೆ ಎರಡನ್ನೂ ಒಂದೇ ಮಾಡಿಬಿಟ್ಟಿತ್ತು. ಈಗ ಟಿಪ್ಪಣಿ ಹೇಳುತ್ತಿದ್ದುದು ಇಷ್ಟು: ಅವನ್ ಬೇಡ, ಅವನ್ ಬೇಕು.

ಸಾರ್ ನಕ್ಕರು, ನಾನೂ ನಕ್ಕೆ. ಆ ಸಾಲನ್ನು ಮೂಲ ಕಡತದಿಂದ ತಂದು ಮೊದಲಿದ್ದಂತೆಯೇ ಇಟ್ಟೆ. ಪಟ್ಟಿಯ ಎರಡು ಪ್ರತಿಗಳು ಈಗ ಹೊಸ ಲ್ಯಾಪ್‌ಟಾಪಿನಲ್ಲಿವೆ, ಹುಡುಕಲು ಒಂದು, ಮುಟ್ಟದೆ ಇಡಲು ಒಂದು. ಹಳೆಯ ಯಂತ್ರದ ಇಂಟರ್‌ನೆಟ್ ತಂತಿಯನ್ನು ಕಿತ್ತಿದ್ದೇವೆ. ಫೈರ್‌ಫಾಕ್ಸ್ 3.6 ಅದರಲ್ಲಿ ಹಾಗೇ ಇದೆ. ಯಾವುದಾದರೂ ಸಾಲಿನಲ್ಲಿ ಅನುಮಾನ ಬಂದರೆ ಸಾರ್ ಅದನ್ನು ಹಚ್ಚಿ, ಡಬ್ಬಿ ಕಾಣುತ್ತದೆಯೋ ಅಕ್ಷರ ಕಾಣುತ್ತದೆಯೋ ನೋಡಿ, ಮೆಟ್ಟಿಲ ಬುಡದಿಂದ ನನಗೆ ಕೂಗಿ ಹೇಳುತ್ತಾರೆ.